ಬುರಿಗಂಗಾ ತೀರದ ಅಹ್ಸಾನ್ ಮಂಜಿಲ್: ಮನೆತನ ತೊರೆದ ಮೇಲೂ ಉಳಿದ ಮಹಲು

ಬಾಂಗ್ಲಾದೇಶದ ರಾಜಧಾನಿ ಢಾಕಾದ ಹಳೆಯ ಭಾಗದಲ್ಲಿ, ಬುರಿಗಂಗಾ ನದಿಯ ಉತ್ತರ ದಂಡೆಯ ಮೇಲೆ ಗುಲಾಬಿ ಬಣ್ಣದ ಒಂದು ಮಹಲು ನಿಂತಿದೆ. ಹೆಸರು ಅಹ್ಸಾನ್ ಮಂಜಿಲ್. ಢಾಕಾದ ನವಾಬ ಮನೆತನದ ನಿವಾಸವಾಗಿದ್ದ ಈ ಕಟ್ಟಡ 1992ರಿಂದ ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿದೆ. ಇದರ ಅಂಗಳದಲ್ಲಿ ಇಂದು ವಿಹರಿಸುವ ಜನರಿಗೆ, ಒಂದು ಕಾಲದಲ್ಲಿ ವೈಸರಾಯ್‌ಗಳು ಇಲ್ಲಿ ಅತಿಥಿಗಳಾಗಿದ್ದರು ಎಂಬುದು ತಿಳಿದಿರಬಹುದು. ಆ ವೈಭವಕ್ಕೂ ಈ ವಸ್ತುಸಂಗ್ರಹಾಲಯಕ್ಕೂ ನಡುವೆ ಕೆಲವು ದಶಕಗಳ ಕಾಲ ಇದೇ ಕೊಠಡಿಗಳು ಬಾಡಿಗೆಗೆ ಹೋಗಿದ್ದವು, ಕಟ್ಟಡ ಕೊಳೆಗೇರಿಯಂತಾಗಿತ್ತು, ಹರಾಜಿನ ಅಂಚಿಗೂ ಬಂದಿತ್ತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ದೊಡ್ಡ ಮನೆಗಳು ಹೇಗೆ ಏಳುತ್ತವೆ, ಏಕೆ ಬೀಳುತ್ತವೆ, ಬಿದ್ದ ಮೇಲೂ ಕೆಲವು ಮಾತ್ರ ಹೇಗೆ ಉಳಿಯುತ್ತವೆ ಎಂಬ ಪ್ರಶ್ನೆಗಳಿಗೆ ಅಹ್ಸಾನ್ ಮಂಜಿಲ್‌ನ ಇತಿಹಾಸ ಉತ್ತರ ನೀಡುತ್ತದೆ. ಆ ಉತ್ತರವನ್ನು ಹುಡುಕಬೇಕಾದದ್ದು ಕಮಾನು, ಗುಮ್ಮಟಗಳಲ್ಲಿ ಮಾತ್ರವಲ್ಲ; ಭೂಕಂದಾಯ, ಸಾಲಪತ್ರ ಮತ್ತು ಹಳೆಯ ಛಾಯಾಚಿತ್ರಗಳಲ್ಲಿಯೂ ಅದು ಅಡಗಿದೆ.

ನದಿಯೇ ರಾಜಮಾರ್ಗವಾಗಿದ್ದ ಕಾಲ

ಬುರಿಗಂಗಾ ಎಂದರೆ ಮುದಿಗಂಗೆ ಎಂದರ್ಥ. ಗಂಗೆಯ ಹಳೆಯ ಹರಿವೊಂದು ಇಲ್ಲಿತ್ತು ಎಂಬ ನಂಬಿಕೆಯಿಂದ ಈ ಹೆಸರು ಬಂದಿದೆ. ನದಿಗಳೇ ರಸ್ತೆಗಳಾಗಿದ್ದ ಪೂರ್ವ ಬಂಗಾಳದಲ್ಲಿ ಢಾಕಾ ನಗರ ಬೆಳೆದದ್ದು ಈ ನದಿಯ ದಂಡೆಗುಂಟ. ಮೊಘಲರು 17ನೆಯ ಶತಮಾನದ ಆರಂಭದಲ್ಲಿ ಇದನ್ನು ಬಂಗಾಳದ ರಾಜಧಾನಿಯನ್ನಾಗಿ ಮಾಡಿಕೊಂಡಾಗ ಸೈನ್ಯ, ಸರಕು, ಅಧಿಕಾರಿಗಳು ಎಲ್ಲವೂ ದೋಣಿಯಲ್ಲೇ ಬರುತ್ತಿದ್ದವು. ಮಸ್ಲಿನ್ ಬಟ್ಟೆಯನ್ನು ಅರಸಿ ಬಂದ ಡಚ್ಚರು, ಇಂಗ್ಲಿಷರು, ಫ್ರೆಂಚರು, ಆರ್ಮೇನಿಯನ್ನರು ಇಲ್ಲಿ ತಮ್ಮ ಕೋಠಿಗಳನ್ನು ತೆರೆದರು.

ಆದ್ದರಿಂದ ನಗರದ ಸಿರಿವಂತರು ಮನೆಯ ಮುಖವನ್ನು ನದಿಯ ಕಡೆಗೇ ಇರಿಸುತ್ತಿದ್ದರು. ನೀರಿನ ಮೇಲಿಂದ ಬರುವವನಿಗೆ ಮೊದಲು ಕಾಣುವುದು ಅವರ ಮನೆಯೇ ಆಗಿರಬೇಕಿತ್ತು. ಅಹ್ಸಾನ್ ಮಂಜಿಲ್ ಕೂಡ ಈ ರೂಢಿಗೆ ಹೊರತಲ್ಲ. ಅದರ ಮುಖ್ಯ ಮೆಟ್ಟಿಲ ಸಾಲು ದಕ್ಷಿಣಕ್ಕೆ, ನದಿಯ ಕಡೆಗೆ ಇಳಿಯುತ್ತದೆ. ಇಂದು ಬಹುತೇಕ ಜನ ಇಸ್ಲಾಂಪುರದ ಬಟ್ಟೆ ಮಾರುಕಟ್ಟೆಯ ಗಲ್ಲಿಗಳನ್ನು ದಾಟಿ ನೆಲದ ಮಾರ್ಗದಿಂದ ಬರುತ್ತಾರಾದರೂ, ಕಟ್ಟಡವನ್ನು ಸರಿಯಾಗಿ ನೋಡಬೇಕಾದರೆ ನದಿಯ ಕಡೆಯಿಂದಲೇ ನೋಡಬೇಕು.

ಕೈಯಿಂದ ಕೈಗೆ ದಾಟಿದ ನಿವೇಶನ

ಈಗ ಮಹಲು ಇರುವ ಕುಮಾರ್‌ಟೋಲಿಯ ನಿವೇಶನದಲ್ಲಿ ಮೊಘಲರ ಕಾಲದಲ್ಲಿ ಜಮಾಲ್‌ಪುರ ಪರಗಣದ ಜಮೀನ್ದಾರ ಶೇಖ್ ಇನಾಯತುಲ್ಲಾ ಅವರ ವಿಲಾಸಗೃಹವಿತ್ತು. ಅವರ ಬಳಿಕ ಮಗ ಶೇಖ್ ಮತಿಯುಲ್ಲಾ ಅದನ್ನು ಫ್ರೆಂಚ್ ವರ್ತಕರಿಗೆ ಮಾರಿದರು. ವಿಲಾಸಗೃಹ ವ್ಯಾಪಾರದ ಕೋಠಿಯಾಯಿತು. ನದೀತೀರದ ಇನ್ನೊಂದು ಬಡಾವಣೆಯ ಹೆಸರಾದ ಫರಾಶ್‌ಗಂಜ್, ಅಂದರೆ ಫ್ರೆಂಚರ ಪೇಟೆ, ಢಾಕಾದಲ್ಲಿ ಅವರಿಗಿದ್ದ ನೆಲೆಯನ್ನು ಇಂದಿಗೂ ನೆನಪಿಸುತ್ತದೆ.

ಬಂಗಾಳದಲ್ಲಿ ಇಂಗ್ಲಿಷರ ಕೈ ಮೇಲಾದಂತೆ ಫ್ರೆಂಚರ ವ್ಯಾಪಾರ ಕ್ಷೀಣಿಸಿತು. 1830ರ ದಶಕದಲ್ಲಿ ಖ್ವಾಜಾ ಅಲೀಮುಲ್ಲಾ ಈ ಕೋಠಿಯನ್ನು ಕೊಂಡು, ದುರಸ್ತಿ ಮಾಡಿಸಿ, ವಾಸದ ಮನೆಯನ್ನಾಗಿ ಬದಲಾಯಿಸಿದರು. ನವಾಬ ಮನೆತನಕ್ಕೂ ಈ ನಿವೇಶನಕ್ಕೂ ನಂಟು ಆರಂಭವಾದದ್ದು ಇಲ್ಲಿಂದ. ಒಂದೇ ನೆಲ ಜಮೀನ್ದಾರನಿಂದ ವರ್ತಕನಿಗೆ, ವರ್ತಕನಿಂದ ಮತ್ತೆ ಜಮೀನ್ದಾರನಿಗೆ ದಾಟಿದ ಈ ಸಂಗತಿ ಆ ಕಾಲದ ಬಂಗಾಳದ ಆರ್ಥಿಕ ಬದಲಾವಣೆಯ ಕಿರುಚಿತ್ರವೂ ಹೌದು.

ಸಂಪತ್ತಿನ ಮೂಲ

ನವಾಬ ಎಂಬ ಬಿರುದು ಕೇಳಿದೊಡನೆ ಪ್ರಾಚೀನ ರಾಜವಂಶವೊಂದು ಕಣ್ಣ ಮುಂದೆ ಬರುವುದು ಸಹಜ. ಆದರೆ ಢಾಕಾದ ನವಾಬರು ರಾಜರಾಗಿರಲಿಲ್ಲ. ಕಾಶ್ಮೀರ ಮೂಲದ ಈ ಖ್ವಾಜಾ ಕುಟುಂಬ ಪೂರ್ವ ಬಂಗಾಳಕ್ಕೆ ಬಂದದ್ದು ವ್ಯಾಪಾರಕ್ಕಾಗಿ. ಮನೆತನದ ಏಳಿಗೆಗೆ ಅಡಿಪಾಯ ಹಾಕಿದ ಖ್ವಾಜಾ ಹಫೀಜುಲ್ಲಾ ಅವರು ಆರ್ಮೇನಿಯನ್ ಮತ್ತು ಗ್ರೀಕ್ ವರ್ತಕರೊಡನೆ ಸೇರಿ ಚರ್ಮ, ಉಪ್ಪು ಮತ್ತು ಸಾಂಬಾರ ಪದಾರ್ಥಗಳ ವಹಿವಾಟು ನಡೆಸಿದವರು. ಅವರ ಸೋದರನ ಮಗನೇ ಅಲೀಮುಲ್ಲಾ.

ವ್ಯಾಪಾರದ ಹಣ ಭೂಮಿಗೆ ಹರಿದದ್ದಕ್ಕೆ ಕಾರಣ ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ನೀತಿ. 1793ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಖಾಯಂ ಜಮೀನ್ದಾರಿ ಪದ್ಧತಿಯನ್ನು ಜಾರಿಗೆ ತಂದರು. ಜಮೀನ್ದಾರರು ಸರಕಾರಕ್ಕೆ ಸಲ್ಲಿಸಬೇಕಾದ ಕಂದಾಯವನ್ನು ಶಾಶ್ವತವಾಗಿ ನಿಗದಿ ಮಾಡಲಾಯಿತು. ಗೊತ್ತುಪಡಿಸಿದ ದಿನದ ಸೂರ್ಯಾಸ್ತದೊಳಗೆ ಹಣ ಕಟ್ಟದಿದ್ದರೆ ಜಮೀನು ಹರಾಜಿಗೆ ಹೋಗುತ್ತಿತ್ತು. ‘ಸೂರ್ಯಾಸ್ತ ಕಾನೂನು’ ಎಂದೇ ಹೆಸರಾದ ಈ ನಿಯಮದಿಂದ ಎಷ್ಟೋ ಹಳೆಯ ಜಮೀನ್ದಾರರು ಆಸ್ತಿ ಕಳೆದುಕೊಂಡರು. ಕೈಯಲ್ಲಿ ನಗದು ಇದ್ದ ವರ್ತಕರು ಹೊಸ ಜಮೀನ್ದಾರರಾದರು. ಖ್ವಾಜಾ ಕುಟುಂಬ ಈ ಹೊಸ ವರ್ಗಕ್ಕೆ ಸೇರಿದ್ದು. ಬಾರಿಸಾಲ್, ಮೈಮನ್‌ಸಿಂಗ್ ಮುಂತಾದೆಡೆ ಭೂಮಿ ಖರೀದಿಸುತ್ತ ಹೋದ ಅದರ ಎಸ್ಟೇಟು ಬಂಗಾಳದ ಅತಿ ದೊಡ್ಡ ಮುಸ್ಲಿಂ ಜಮೀನ್ದಾರಿಗಳಲ್ಲಿ ಒಂದಾಗಿ ಬೆಳೆಯಿತು.

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಸರಕಾರಕ್ಕೆ ಕಟ್ಟುವ ಮೊತ್ತ ನಿಗದಿಯಾಗಿತ್ತೇ ಹೊರತು, ರೈತರಿಂದ ವಸೂಲಿ ಮಾಡುವ ಗೇಣಿಗೆ ಅಷ್ಟು ಬಿಗಿಯಾದ ಮಿತಿ ಇರಲಿಲ್ಲ. ಈ ಎರಡರ ನಡುವಿನ ಅಂತರವೇ ಜಮೀನ್ದಾರನ ಆದಾಯ. ನದಿಯ ದಂಡೆಯಲ್ಲಿ ಎದ್ದ ಮಹಲಿಗೆ ಹಣ ಒದಗಿಸಿದವರು, ಅದನ್ನು ಕಣ್ಣಾರೆ ಕಾಣುವ ಅವಕಾಶವೂ ಇರದಿದ್ದ ದೂರದ ಹಳ್ಳಿಗಳ ಒಕ್ಕಲು ಮಕ್ಕಳು.

ಅಲೀಮುಲ್ಲಾ ಅವರ ಇನ್ನೊಂದು ದೂರದೃಷ್ಟಿಯ ಕ್ರಮವೆಂದರೆ ಆಸ್ತಿಯನ್ನು ವಕ್ಫ್ ವ್ಯವಸ್ಥೆಗೆ ಒಳಪಡಿಸಿದ್ದು. ಉತ್ತರಾಧಿಕಾರಿಗಳ ನಡುವೆ ಆಸ್ತಿ ಹರಿದು ಹಂಚಿಹೋಗದಂತೆ, ಒಬ್ಬ ಮುತವಲ್ಲಿಯ, ಅಂದರೆ ಮೇಲ್ವಿಚಾರಕನ, ಆಡಳಿತದಲ್ಲಿ ಇಡಿಯಾಗಿ ಉಳಿಸುವುದು ಇದರ ಉದ್ದೇಶ. ಮುಂದಿನ ಎರಡು ತಲೆಮಾರುಗಳ ವೈಭವಕ್ಕೆ ಈ ಏಕಾಡಳಿತವೇ ಆಧಾರವಾಯಿತು.

ಮಗನ ಹೆಸರಿನ ಮಹಲು

ಅಲೀಮುಲ್ಲಾ 1854ರಲ್ಲಿ ನಿಧನರಾದ ಬಳಿಕ ಮನೆತನದ ಹೊಣೆ ಮಗ ಖ್ವಾಜಾ ಅಬ್ದುಲ್ ಗನಿ ಅವರ ಹೆಗಲೇರಿತು. 1859ರಲ್ಲಿ ಅವರು ಹೊಸ ಮಹಲಿನ ನಿರ್ಮಾಣವನ್ನು ಕೈಗೆತ್ತಿಕೊಂಡರು. ಕೆಲಸ ಮುಗಿದದ್ದು 1872ರಲ್ಲಿ. ಮಗ ಅಹ್ಸಾನುಲ್ಲಾ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಹೊಸದಾಗಿ ಕಟ್ಟಿದ ಭಾಗಕ್ಕೆ ರಂಗಮಹಲ್ ಎಂದೂ, ಹಳೆಯ ಭಾಗಕ್ಕೆ ಅಂದರ್‌ಮಹಲ್ ಎಂದೂ ರೂಢಿಯಲ್ಲಿ ಕರೆಯಲಾಗುತ್ತಿತ್ತು. ರಂಗಮಹಲ್ ಅತಿಥಿ ಸತ್ಕಾರ ಮತ್ತು ದರ್ಬಾರಿಗೆ. ಅಂದರ್‌ಮಹಲ್ ಕುಟುಂಬದ ಅಂತಃಪುರ.

ರಂಗಮಹಲ್ ಎರಡು ಅಂತಸ್ತಿನ ಕಟ್ಟಡ. ಸುಮಾರು 1 ಮೀಟರ್ ಎತ್ತರದ ಜಗಲಿಯ ಮೇಲೆ ನಿಂತಿರುವ ಇದರ ಉದ್ದ 125.4 ಮೀಟರ್, ಅಗಲ 28.75 ಮೀಟರ್. ಪೂರ್ವ ಮತ್ತು ಪಶ್ಚಿಮ ಎಂಬ ಎರಡು ಪಾರ್ಶ್ವಗಳ ನಡುವೆ ಗುಮ್ಮಟದ ಕೋಣೆಯಿದೆ. ಗುಮ್ಮಟದ ತುದಿ ನೆಲದಿಂದ 27.13 ಮೀಟರ್ ಎತ್ತರದಲ್ಲಿದೆ. ಚೌಕಾಕಾರದ ಕೋಣೆಯನ್ನು ಮೂಲೆಗಳಲ್ಲಿ ಕಮಾನು ಕಟ್ಟಿ ಎಂಟು ಮೂಲೆಯಾಗಿಸಿ, ಅದರ ಮೇಲೆ ತಾವರೆಯ ಮೊಗ್ಗಿನಾಕಾರದ ಗುಮ್ಮಟವನ್ನು ಏರಿಸಲಾಗಿದೆ.

ಕೊಠಡಿಗಳ ಹಂಚಿಕೆಯಲ್ಲಿ ಆ ಕುಟುಂಬದ ಸಾಮಾಜಿಕ ಬದುಕು ಪ್ರತಿಫಲಿಸುತ್ತದೆ. ನೆಲ ಅಂತಸ್ತಿನ ಪೂರ್ವಕ್ಕೆ ಊಟದ ಸಭಾಂಗಣ, ಪಶ್ಚಿಮಕ್ಕೆ ದರ್ಬಾರ್ ಹಾಲ್. ಇವೆರಡರ ನೆಲಕ್ಕೂ ಬಿಳಿ, ಹಸಿರು, ಹಳದಿ ಬಣ್ಣದ ಪಿಂಗಾಣಿ ಹಾಸುಬಿಲ್ಲೆಗಳು. ಮೇಲಂತಸ್ತಿನಲ್ಲಿ ಪೂರ್ವಕ್ಕೆ ದೊಡ್ಡ ದಿವಾನಖಾನೆ, ಗ್ರಂಥಾಲಯ, ಇಸ್ಪೀಟಾಟದ ಕೋಣೆ, ಅತಿಥಿ ಕೊಠಡಿಗಳು. ಪಶ್ಚಿಮಕ್ಕೆ ಯುರೋಪಿಯನ್ ಶೈಲಿಯ ನೃತ್ಯಶಾಲೆ, ‘ಹಿಂದೂಸ್ತಾನಿ ಕೋಣೆ’ ಮತ್ತು ವಾಸದ ಕೊಠಡಿಗಳು. ಬೆಲೆಬಾಳುವ ವಸ್ತುಗಳಿಗೆಂದು ಪ್ರತ್ಯೇಕ ತೋಷಖಾನೆಯೂ ಇತ್ತು. ಸರಕಾರಿ ಅತಿಥಿಗೆ ಒಂದು ಕೋಣೆ, ದೇಶೀಯ ಮೆಹಫಿಲ್‌ಗೆ ಇನ್ನೊಂದು. ಆಳುವವರೊಡನೆಯೂ ಊರಿನವರೊಡನೆಯೂ ಏಕಕಾಲದಲ್ಲಿ ವ್ಯವಹರಿಸಬೇಕಾಗಿದ್ದ ಮನೆತನಕ್ಕೆ ಎರಡೂ ಬೇಕಾಗಿದ್ದವು.

ನಗರಕ್ಕೆ ನೀರು, ನಗರಕ್ಕೆ ದೀಪ

ಅಬ್ದುಲ್ ಗನಿ ಅವರಿಗೆ ಬ್ರಿಟಿಷ್ ಸರಕಾರ 1875ರಲ್ಲಿ ನವಾಬ ಎಂಬ ಬಿರುದನ್ನು ನೀಡಿತು. 1877ರಲ್ಲಿ ಅದನ್ನು ವಂಶಪಾರಂಪರ್ಯವಾಗಿಸಿತು. ಆದರೆ ಢಾಕಾದ ಜನರ ನೆನಪಿನಲ್ಲಿ ಅವರ ಹೆಸರು ಉಳಿದಿರುವುದು ಬಿರುದಿನಿಂದಲ್ಲ, ಕುಡಿಯುವ ನೀರಿನಿಂದ. ನದಿ ಮತ್ತು ಬಾವಿಗಳ ನೀರನ್ನೇ ನಂಬಿದ್ದ ನಗರದಲ್ಲಿ ಕಾಲರಾ ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಕಾಲವದು. ಶುದ್ಧೀಕರಿಸಿದ ನೀರಿನ ಸರಬರಾಜಿಗೆ ಅಬ್ದುಲ್ ಗನಿ ಧನಸಹಾಯ ನೀಡಿದರು. 1874ರಲ್ಲಿ ವೈಸರಾಯ್ ನಾರ್ತ್‌ಬ್ರೂಕ್ ಜಲಾಗಾರಕ್ಕೆ ಅಡಿಗಲ್ಲು ಹಾಕಿ, ಅಹ್ಸಾನ್ ಮಂಜಿಲ್‌ನ ಸಂಜೆಯ ಸತ್ಕಾರದಲ್ಲಿ ಪಾಲ್ಗೊಂಡರು. 1878ರಲ್ಲಿ ನೀರು ಹರಿಯಿತು. ಅದಕ್ಕೂ ಮೊದಲು 1860ರ ದಶಕದಲ್ಲಿ, ಕಮಿಷನರ್ ಬಕ್‌ಲ್ಯಾಂಡ್ ಅವರ ಮುತುವರ್ಜಿಯಿಂದ ನದೀತೀರದ ಒಡ್ಡು ನಿರ್ಮಾಣವಾದಾಗಲೂ ಅಬ್ದುಲ್ ಗನಿ ವೆಚ್ಚದಲ್ಲಿ ಪಾಲು ವಹಿಸಿದ್ದರು. ಬಕ್‌ಲ್ಯಾಂಡ್ ಬಂಡ್ ಎಂದೇ ಹೆಸರಾದ ಈ ಒಡ್ಡು ಪ್ರವಾಹದಿಂದ ದಂಡೆಯನ್ನು ಕಾಯುವುದರ ಜೊತೆಗೆ ನಗರವಾಸಿಗಳ ವಾಯುವಿಹಾರದ ತಾಣವೂ ಆಯಿತು.

ನದಿ ಕೊಟ್ಟ ಭೂಪ್ರದೇಶದಲ್ಲಿ ಗಾಳಿ ಕಿತ್ತುಕೊಳ್ಳುವುದೂ ಉಂಟು. 1888ರ ಏಪ್ರಿಲ್ 7ರಂದು ಢಾಕಾಕ್ಕೆ ಭೀಕರ ಸುಂಟರಗಾಳಿ ಅಪ್ಪಳಿಸಿತು. ಅಂದರ್‌ಮಹಲ್ ನೆಲಸಮವಾಯಿತು, ರಂಗಮಹಲ್‌ಗೂ ಪೆಟ್ಟು ಬಿತ್ತು. ಇಂದು ಕಟ್ಟಡದ ಗುರುತೇ ಆಗಿರುವ ಗುಮ್ಮಟವನ್ನು ಸೇರಿಸಿದ್ದು ಆ ನಂತರದ ಪುನರ್ನಿರ್ಮಾಣದಲ್ಲಿ. 1897ರ ಜೂನ್ 12ರಂದು ಅಸ್ಸಾಂ ಮತ್ತು ಬಂಗಾಳವನ್ನು ನಡುಗಿಸಿದ ಮಹಾಭೂಕಂಪದಲ್ಲಿ ಮತ್ತೆ ಹಾನಿಯಾದಾಗ ನವಾಬ ಅಹ್ಸಾನುಲ್ಲಾ ದುರಸ್ತಿ ಮಾಡಿಸಿದರು. ಒಂಬತ್ತು ವರ್ಷಗಳ ಅಂತರದಲ್ಲಿ ಎರಡು ವಿಪತ್ತುಗಳನ್ನು ತಡೆದುಕೊಂಡು ಮನೆ ಮೊದಲಿಗಿಂತ ಭವ್ಯವಾಗಿ ಎದ್ದು ನಿಂತಿತು. ಎಸ್ಟೇಟಿನ ಆದಾಯ ಕೈಹಿಡಿದಿದ್ದರಿಂದ ಇದು ಸಾಧ್ಯವಾಯಿತು.

ಅಹ್ಸಾನುಲ್ಲಾ ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದರು. ಛಾಯಾಗ್ರಹಣದ ಹವ್ಯಾಸವೂ ಅವರಿಗಿತ್ತು. ಊರಿಗೆ ಹೊಸ ಬೆರಗುಗಳನ್ನು ತರುವುದರಲ್ಲಿ ಅವರಿಗೆ ಆಸಕ್ತಿ. 1892ರ ಮಾರ್ಚ್‌ನಲ್ಲಿ ಅವರ ಆಹ್ವಾನದ ಮೇರೆಗೆ ಬಂದ ಜೀನೆಟ್ ವ್ಯಾನ್ ಟ್ಯಾಸೆಲ್ ಎಂಬ ಸಾಹಸಿ ಮಹಿಳೆ ಬಲೂನಿನಲ್ಲಿ ಆಕಾಶಕ್ಕೇರಿದರು. ನದಿಯ ಆಚೆ ದಡದಿಂದ ಮೇಲೇರಿ ಅಹ್ಸಾನ್ ಮಂಜಿಲ್‌ನ ತಾರಸಿಯ ಮೇಲೆ ಇಳಿಯುವುದು ಯೋಜನೆ. ಗಾಳಿ ಅವರನ್ನು ನಗರದ ಉತ್ತರಕ್ಕೆ ಒಯ್ದಿತು. ಶಾಹ್‌ಬಾಗ್‌ನಲ್ಲಿ ಮರಕ್ಕೆ ಸಿಕ್ಕಿಕೊಂಡ ಅವರು ಕೆಳಗಿಳಿಸುವ ಯತ್ನದಲ್ಲಿ ಬಿದ್ದು, ಗಾಯಗಳಿಂದ ಅಸುನೀಗಿದರು. ಢಾಕಾದ ನಾರಿಂದಾ ಕ್ರೈಸ್ತ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಅಹ್ಸಾನುಲ್ಲಾ ಅವರ ಕೊನೆಯ ದೊಡ್ಡ ಕೊಡುಗೆ ವಿದ್ಯುತ್ ದೀಪ. ಅದಕ್ಕಾಗಿ ಅವರು ನೀಡಿದ ದೇಣಿಗೆ ನಾಲ್ಕೂವರೆ ಲಕ್ಷ ರೂಪಾಯಿ. 1901ರ ಡಿಸೆಂಬರ್ 7ರಂದು ಢಾಕಾದ ಮೊದಲ ವಿದ್ಯುತ್ ವ್ಯವಸ್ಥೆಗೆ ಅಹ್ಸಾನ್ ಮಂಜಿಲ್‌ನಲ್ಲಿ ವಿಧ್ಯುಕ್ತ ಚಾಲನೆ ದೊರೆಯಿತು. ಕೇವಲ ಒಂಬತ್ತು ದಿನಗಳ ನಂತರ, ಡಿಸೆಂಬರ್ 16ರಂದು, ಅವರು ನಿಧನರಾದರು.

ರಾಜಕಾರಣದ ಅಂಗಳ

ಉತ್ತರಾಧಿಕಾರಿ ನವಾಬ ಸಲೀಮುಲ್ಲಾ ಅವರ ಕಾಲದಲ್ಲಿ ಮಹಲು ಉಪಖಂಡದ ರಾಜಕಾರಣದೊಳಗೆ ಪ್ರವೇಶಿಸಿತು. ಬಂಗಾಳ ವಿಭಜನೆಯ ಪ್ರಸ್ತಾಪಕ್ಕೆ ಪೂರ್ವ ಬಂಗಾಳದ ಜನಮತವನ್ನು ಒಲಿಸಿಕೊಳ್ಳಲು 1904ರ ಫೆಬ್ರವರಿಯಲ್ಲಿ ಪ್ರವಾಸ ಕೈಗೊಂಡ ವೈಸರಾಯ್ ಕರ್ಜನ್, ಢಾಕಾದಲ್ಲಿ ತಂಗಿದ್ದು ಅಹ್ಸಾನ್ ಮಂಜಿಲ್‌ನಲ್ಲಿಯೇ. 1905ರ ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂದಿತು. ಕಲ್ಕತ್ತೆಯಲ್ಲಿ ಅದರ ವಿರುದ್ಧ ಸ್ವದೇಶಿ ಚಳವಳಿ ಭುಗಿಲೆದ್ದರೆ, ಹೊಸ ಪ್ರಾಂತದ ರಾಜಧಾನಿಯ ಸ್ಥಾನ ಪಡೆದ ಢಾಕಾದಲ್ಲಿ ಸಲೀಮುಲ್ಲಾ ವಿಭಜನೆಯ ಪ್ರಮುಖ ಸಮರ್ಥಕರಾಗಿ ನಿಂತರು.

1906ರ ಡಿಸೆಂಬರ್ 30ರಂದು ಅಖಿಲ ಭಾರತ ಮುಸ್ಲಿಂ ಲೀಗ್ ಸ್ಥಾಪನೆಯಾದ ಸಭೆಗೆ ಆತಿಥ್ಯ ವಹಿಸಿದವರು ಸಲೀಮುಲ್ಲಾ ಅವರೇ. ಆ ಸಭೆ ನಡೆದದ್ದು ಈ ಮಹಲಿನಲ್ಲಿಯೇ ಎಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವವಾಗಿ ಅದು ನಡೆದದ್ದು ಇದೇ ಮನೆತನಕ್ಕೆ ಸೇರಿದ್ದ ಶಾಹ್‌ಬಾಗ್‌ನ ತೋಟದ ಆವರಣದಲ್ಲಿ. ಆದರೂ ಅದರ ಹಿಂದಿದ್ದ ಪ್ರತಿಷ್ಠೆ, ಹಣ, ಸಂಪರ್ಕ ಇವೆಲ್ಲ ಅಹ್ಸಾನ್ ಮಂಜಿಲ್‌ನದೇ ಎಂಬುದರಲ್ಲಿ ಸಂದೇಹವಿಲ್ಲ. 1911ರ ದೆಹಲಿ ದರ್ಬಾರಿನಲ್ಲಿ ಬಂಗಾಳ ವಿಭಜನೆಯನ್ನು ರದ್ದುಪಡಿಸಿದಾಗ ಸಲೀಮುಲ್ಲಾ ಅವರ ರಾಜಕೀಯ ಲೆಕ್ಕಾಚಾರ ತಲೆಕೆಳಗಾಯಿತು. 1915ರ ಜನವರಿಯಲ್ಲಿ, ಇನ್ನೂ 43ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಒತ್ತೆ ಬಿದ್ದ ವಜ್ರ

ಹೊರಗಿನ ವೈಭವ ಮುಂದುವರಿದಿದ್ದಾಗಲೇ ಒಳಗಿನ ತೊಲೆಗಳಿಗೆ ಗೆದ್ದಲು ಹತ್ತಿತ್ತು. ಅಹ್ಸಾನುಲ್ಲಾ ಅವರ ನಿಧನಾನಂತರ ಕುಟುಂಬದ ಪಾಲುದಾರರಲ್ಲಿ ಕಲಹ ಆರಂಭವಾಯಿತು. ಏಕಾಡಳಿತದ ಸೂತ್ರ ಸಡಿಲಾಯಿತು. ದಾನ, ರಾಜಕಾರಣ, ಆತಿಥ್ಯಗಳ ಖರ್ಚು ಆದಾಯವನ್ನು ಮೀರಿತು. ಸಾಲ ಬೆಳೆಯಿತು. 1907ರಲ್ಲಿ ಎಸ್ಟೇಟು ಕೋರ್ಟ್ ಆಫ್ ವಾರ್ಡ್ಸ್ ವಶಕ್ಕೆ ಹೋಯಿತು. ಮಾಲೀಕರು ಆಡಳಿತಕ್ಕೆ ಅಸಮರ್ಥರಾದ ಜಮೀನ್ದಾರಿಗಳನ್ನು ಸರಕಾರವೇ ನೋಡಿಕೊಳ್ಳುವ ವ್ಯವಸ್ಥೆ ಅದು. ಲೀಗ್ ಸ್ಥಾಪನೆಯಾದ ಮರುವರ್ಷವೇ ಅದರ ಆತಿಥೇಯರ ಆಸ್ತಿ ಸರಕಾರಿ ಮೇಲ್ವಿಚಾರಣೆಗೆ ಒಳಪಟ್ಟಿತೆಂಬುದು ಗಮನಾರ್ಹ.

1908ರಲ್ಲಿ ಸಲೀಮುಲ್ಲಾ ಸರಕಾರದಿಂದ 14 ಲಕ್ಷ ರೂಪಾಯಿ ಸಾಲ ಪಡೆದರು. ಅದಕ್ಕೆ ಒತ್ತೆಯಾಗಿಟ್ಟ ಆಭರಣಗಳಲ್ಲಿ ಅಜ್ಜನ ತಂದೆ ಅಲೀಮುಲ್ಲಾ 1852ರ ಹರಾಜಿನಲ್ಲಿ ಕೊಂಡಿದ್ದ ‘ದರಿಯಾ-ಇ-ನೂರ್’ ವಜ್ರವೂ ಸೇರಿತ್ತು. ಇರಾನಿನ ರಾಜವಂಶದ ಸಂಗ್ರಹದಲ್ಲಿರುವ ಪ್ರಸಿದ್ಧ ವಜ್ರಕ್ಕೂ ಇದೇ ಹೆಸರಿದೆ. ಅದು ಬೇರೆ, ಇದು ಬೇರೆ. ಹರಾಜಿನಲ್ಲಿ ಇತರರ ಆಸ್ತಿ ಕೊಂಡು ಮೇಲೆದ್ದ ಮನೆತನ ಮೂರು ತಲೆಮಾರುಗಳ ತರುವಾಯ ತನ್ನ ತೋಷಖಾನೆಯನ್ನೇ ಸಾಲಕ್ಕೆ ಆಧಾರವಾಗಿ ಒಪ್ಪಿಸಬೇಕಾಯಿತು.

ಜಮೀನ್ದಾರಿ ರದ್ದು, ಬಾಡಿಗೆಗೆ ಕೊಠಡಿ

1947ರಲ್ಲಿ ದೇಶ ವಿಭಜನೆಯಾಗಿ ಢಾಕಾ ಪಾಕಿಸ್ತಾನಕ್ಕೆ ಸೇರಿದ ನಂತರ ಅಂತಿಮ ಆಘಾತ ಬಂದದ್ದು ಕಾನೂನಿನ ರೂಪದಲ್ಲಿ. 1950ರ ಪೂರ್ವ ಬಂಗಾಳ ಭೂಸ್ವಾಧೀನ ಮತ್ತು ಗೇಣಿ ಕಾಯ್ದೆ ಜಮೀನ್ದಾರಿಯನ್ನು ರದ್ದುಗೊಳಿಸಿ, ರೈತನನ್ನು ನೇರವಾಗಿ ಸರಕಾರದ ಒಕ್ಕಲನ್ನಾಗಿ ಮಾಡಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಸ್ವಂತ ಭೂಮಿಗೆ ಸಾಮಾನ್ಯವಾಗಿ 100 ಬಿಘಾ, ಅಂದರೆ ಸುಮಾರು 33 ಎಕರೆಯ ಮಿತಿ ವಿಧಿಸಲಾಯಿತು. ಅದರಂತೆ 1952ರಲ್ಲಿ ನವಾಬ ಎಸ್ಟೇಟನ್ನು ಸರಕಾರ ಸ್ವಾಧೀನಪಡಿಸಿಕೊಂಡಿತು. ತಲೆಮಾರುಗಳಿಂದ ಗೇಣಿ ಕಟ್ಟುತ್ತ ಬಂದವರಿಗೆ ಇದು ಬಿಡುಗಡೆ. ಮಹಲಿಗೆ ಮಾತ್ರ ಇದು ಊರುಗೋಲನ್ನು ಕಿತ್ತುಕೊಂಡಂತಾಯಿತು.

ಕುಟುಂಬದ ಕೈಯಲ್ಲಿ ಉಳಿದದ್ದು ಆದಾಯವಿಲ್ಲದ ಕಟ್ಟಡ. ಬುರಿಗಂಗೆಯ ತೇವದ ಗಾಳಿ, ಮಳೆಗಾಲದ ನೀರು, ಸುಣ್ಣದ ಗಾರೆಯ ಹಳೆಯ ಗೋಡೆ ಇವೆಲ್ಲ ಪ್ರತಿವರ್ಷ ದುರಸ್ತಿ ಬೇಡುವಂಥವು. ಸಲೀಮುಲ್ಲಾ ಅವರ ಮಗ ನವಾಬ ಹಬೀಬುಲ್ಲಾ ಮಹಲನ್ನು ತೊರೆದು ನಗರದ ಪರೀಬಾಗ್‌ನಲ್ಲಿದ್ದ ಮನೆಗೆ ವಾಸ್ತವ್ಯ ಬದಲಿಸಿದರು. ಉಳಿದ ವಾರಸುದಾರರು ಕೊಠಡಿಗಳನ್ನು ಬಾಡಿಗೆಗೆ ಕೊಡತೊಡಗಿದರು. ಕಾಲಕ್ರಮೇಣ ಬಾಡಿಗೆದಾರರ ಜೊತೆಗೆ ಅಕ್ರಮ ವಾಸಿಗಳೂ ನೆಲೆಸಿದರು. ದರ್ಬಾರು ನಡೆಯುತ್ತಿದ್ದ ಕಟ್ಟಡ ಜನಜಂಗುಳಿಯ ಕೊಳೆಗೇರಿಯಾಯಿತು.

ಈ ಸ್ಥಿತಿಗೆ ಅಲ್ಲಿ ನೆಲೆಸಿದ ಬಡವರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಸೂರಿಲ್ಲದವರಿಗೆ ಅದು ಸೂರಾಗಿತ್ತು. ಮನೆಯ ಖರ್ಚನ್ನು ಹೊರುವ ಶಕ್ತಿ ಒಡೆಯರಿಗೂ ಇರಲಿಲ್ಲ, ವಾಸಿಸುವವರಿಗೂ ಇರಲಿಲ್ಲ. ಸರಕಾರ ಇನ್ನೂ ಮುಂದೆ ಬಂದಿರಲಿಲ್ಲ.

1971ರಲ್ಲಿ ಬಾಂಗ್ಲಾದೇಶ ಸ್ವತಂತ್ರವಾದ ಬಳಿಕ, 1974ರಲ್ಲಿ ಕುಟುಂಬದ ಸದಸ್ಯರು ಕಟ್ಟಡವನ್ನು ಹರಾಜು ಹಾಕುವ ಪ್ರಸ್ತಾಪ ಮುಂದಿಟ್ಟರು. ಪ್ರಧಾನಿಯಾಗಿದ್ದ ಶೇಖ್ ಮುಜೀಬುರ್ ರಹಮಾನ್ 1974ರ ನವೆಂಬರ್ 2ರಂದು ಆ ಪ್ರಸ್ತಾಪವನ್ನು ತಿರಸ್ಕರಿಸಿ, ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಬೇಕೆಂದು ಸೂಚಿಸಿದರು. ಮುಸ್ಲಿಂ ಲೀಗಿನ ಇತಿಹಾಸದೊಡನೆ ಬೆಸೆದುಕೊಂಡಿದ್ದ ಮನೆಯನ್ನು, ಆ ಪಕ್ಷ ಬೇಡಿದ್ದ ಪಾಕಿಸ್ತಾನದಿಂದಲೇ ಬೇರ್ಪಟ್ಟ ದೇಶದ ನಾಯಕ ಉಳಿಸಲು ಮುಂದಾದರು ಎಂಬುದು ಇತಿಹಾಸದ ವೈಚಿತ್ರ್ಯ. ಮರುವರ್ಷವೇ ಅವರ ಹತ್ಯೆಯಾಯಿತು. ಮಹಲಿನ ವಿಚಾರ ಮತ್ತೆ ಒಂದು ದಶಕ ಕಾಯಬೇಕಾಯಿತು.

ಛಾಯಾಚಿತ್ರ ನೋಡಿ ಜೋಡಿಸಿದ ಮನೆ

1985ರ ನವೆಂಬರ್‌ನಲ್ಲಿ ಬಾಂಗ್ಲಾದೇಶ ಸರಕಾರ ಕಟ್ಟಡವನ್ನೂ ಅದರ ಆವರಣವನ್ನೂ ಸ್ವಾಧೀನಪಡಿಸಿಕೊಂಡಿತು. 1986ರಲ್ಲಿ ಆರಂಭವಾದ ಜೀರ್ಣೋದ್ಧಾರವನ್ನು ಲೋಕೋಪಯೋಗಿ ಇಲಾಖೆ ಹಾಗೂ ರಾಷ್ಟ್ರೀಯ ವಸ್ತುಸಂಗ್ರಹಾಲಯ ಜಂಟಿಯಾಗಿ ನಿರ್ವಹಿಸಿ 1992ರಲ್ಲಿ ಪೂರೈಸಿದವು. ಅದೇ ವರ್ಷದ ಸೆಪ್ಟೆಂಬರ್ 20ರಂದು ಅಹ್ಸಾನ್ ಮಂಜಿಲ್ ಸಾರ್ವಜನಿಕರಿಗೆ ತೆರೆಯಿತು.

ಗೋಡೆಗಳನ್ನು ದುರಸ್ತಿ ಮಾಡುವುದು ಎಂಜಿನಿಯರುಗಳ ಕೆಲಸ. ಆದರೆ ದಶಕಗಳ ಕಾಲ ಬಾಡಿಗೆ ಕೋಣೆಗಳಾಗಿದ್ದ ಜಾಗದಲ್ಲಿ ಊಟದ ಮೇಜು ಎಲ್ಲಿತ್ತು, ತೂಗುದೀಪ ಹೇಗಿತ್ತು, ದಿವಾನಖಾನೆಯ ಕುರ್ಚಿಗಳನ್ನು ಹೇಗೆ ಜೋಡಿಸಿದ್ದರು ಎಂಬುದನ್ನು ತಿಳಿಯುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಕರ್ಜನ್ ಭೇಟಿಯ ಕಾಲದ ಛಾಯಾಚಿತ್ರಗಳು. 1904ರಲ್ಲಿ ಫ್ರಿಟ್ಜ್ ಕಾಪ್ ಎಂಬ ವೃತ್ತಿಪರ ಛಾಯಾಗ್ರಾಹಕರು ಮಹಲಿನ ಒಳಾಂಗಣಗಳನ್ನು ಸೆರೆಹಿಡಿದಿದ್ದರು. ಆ ಚಿತ್ರಗಳು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದ ಸಂಗ್ರಹದಲ್ಲಿ ಸುರಕ್ಷಿತವಾಗಿದ್ದವು. ಅವುಗಳ ಆಧಾರದಿಂದ ಒಂಬತ್ತು ಕೊಠಡಿಗಳನ್ನು ಹಿಂದಿನ ರೂಪಕ್ಕೆ ಹೊಂದುವಂತೆ ಸಜ್ಜುಗೊಳಿಸಲಾಯಿತು. ಅತಿಥಿಯ ಮೆಚ್ಚುಗೆಗಾಗಿ ತೆಗೆದ ಚಿತ್ರಗಳು ಎಂಟು ದಶಕಗಳ ನಂತರ ಮನೆಯ ನಕ್ಷೆಯಾಗಿ ಒದಗಿಬಂದವು. ರಂಗಮಹಲ್‌ನ 31 ಕೊಠಡಿಗಳಲ್ಲಿ 23 ಈಗ ಪ್ರದರ್ಶನಕ್ಕೆ ಮೀಸಲು. ನವಾಬರ ಪೀಠೋಪಕರಣ, ಪಾತ್ರೆ, ಭಾವಚಿತ್ರಗಳ ಜೊತೆಗೆ ನಗರದ ನೀರು ಸರಬರಾಜು ಮತ್ತು ವಿದ್ಯುತ್ತಿನ ಕಥೆಯೂ ಇಲ್ಲಿದೆ.

ಅದೇ ದಂಡೆಯ ಇನ್ನೊಂದು ಮನೆ

ಈ ಉಳಿವಿನ ಬೆಲೆಯನ್ನು ಅರಿಯಲು ದೂರ ಹೋಗಬೇಕಿಲ್ಲ. ಅದೇ ದಂಡೆಗುಂಟ ಪೂರ್ವಕ್ಕೆ ಸಾಗಿದರೆ ಫರಾಶ್‌ಗಂಜ್‌ನಲ್ಲಿ ರೂಪಲಾಲ್ ಹೌಸ್ ಸಿಗುತ್ತದೆ. ರೂಪಲಾಲ್ ದಾಸ್ ಮತ್ತು ರಘುನಾಥ ದಾಸ್ ಎಂಬ ಶ್ರೀಮಂತ ಸೋದರರ ಈ ನಿವಾಸ ವೈಭವದಲ್ಲಿ ಅಹ್ಸಾನ್ ಮಂಜಿಲ್‌ಗೆ ಸರಿಸಾಟಿಯಾಗಿತ್ತು. 1888ರಲ್ಲಿ ವೈಸರಾಯ್ ಡಫರಿನ್ ಗೌರವಾರ್ಥ ನೃತ್ಯಕೂಟ ಏರ್ಪಡಿಸಲು ಎರಡೂ ಮನೆಗಳ ನಡುವೆ ಪೈಪೋಟಿ ನಡೆದು, ರೂಪಲಾಲ್ ಹೌಸ್ ಗೆದ್ದಿತು ಎಂಬ ಮಾತು ಢಾಕಾದಲ್ಲಿ ಪ್ರಚಲಿತವಾಗಿದೆ. ದೇಶ ವಿಭಜನೆಯ ನಂತರ ದಾಸ್ ಕುಟುಂಬ ಭಾರತಕ್ಕೆ ತೆರಳಿತು. ಹಾಲುಗಳು, ಪಡಸಾಲೆಗಳು ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಪದಾರ್ಥಗಳ ಸಗಟು ದಾಸ್ತಾನಿನ ಗೋದಾಮುಗಳಾದವು. ಕುಸಿಯುತ್ತಿರುವ ಕಂಬಗಳ ನಡುವೆ ಮೂಟೆಗಳ ರಾಶಿ ಅಲ್ಲಿನ ಬಹುಕಾಲದ ನೋಟ. ಒಂದೇ ನದಿ, ಒಂದೇ ಕಾಲ, ಹೆಚ್ಚುಕಡಿಮೆ ಒಂದೇ ಅಂತಸ್ತು. ಒಂದನ್ನು ಸರಕಾರ ತನ್ನದಾಗಿಸಿಕೊಂಡು ವೆಚ್ಚ ಹೊತ್ತಿತು. ಇನ್ನೊಂದಕ್ಕೆ ಆ ಭಾಗ್ಯ ಒದಗಿಬರಲಿಲ್ಲ.

ಅಹ್ಸಾನ್ ಮಂಜಿಲ್‌ನ ಎದುರು ಹರಿಯುವ ನದಿಗೂ ಅಂಥ ಭಾಗ್ಯ ಪೂರ್ತಿಯಾಗಿ ಒದಗಿಲ್ಲ. ಹಜಾರಿಬಾಗ್‌ನ ಚರ್ಮ ಹದಮಾಡುವ ಕಾರ್ಖಾನೆಗಳ ವಿಷಯುಕ್ತ ನೀರು ದಶಕಗಳ ಕಾಲ ಬುರಿಗಂಗೆಯನ್ನು ಸೇರಿತು. ಆ ಕಾರ್ಖಾನೆಗಳನ್ನು 2017ರಲ್ಲಿ ಸಾವಾರ್‌ಗೆ ಸ್ಥಳಾಂತರಿಸಿದ ಮೇಲೂ ನಗರದ ಕೊಳಚೆ ನದಿಗಿಳಿಯುವುದು ನಿಂತಿಲ್ಲ. ಸಮೀಪದ ಸದರ್‌ಘಾಟ್‌ನಿಂದ ದಕ್ಷಿಣದ ಜಿಲ್ಲೆಗಳಿಗೆ ಹೊರಡುವ ಲಾಂಚುಗಳ ಪ್ರಯಾಣಿಕರಲ್ಲಿ ಅನೇಕರು 2022ರಲ್ಲಿ ಪದ್ಮಾ ಸೇತುವೆ ತೆರೆದ ಬಳಿಕ ರಸ್ತೆಯ ದಾರಿ ಹಿಡಿದಿದ್ದಾರೆ. ಚರ್ಮದ ವ್ಯಾಪಾರದಿಂದ ಮೇಲೆದ್ದ ಮನೆತನದ ಮಹಲಿನೆದುರು, ಚರ್ಮದ ಉದ್ಯಮವೇ ನೀರನ್ನು ಕಪ್ಪಾಗಿಸಿದ್ದು ಕಾಕತಾಳೀಯ.

ನಗರಕ್ಕೆ ಮೊದಲ ಬಾರಿಗೆ ಶುದ್ಧ ನೀರು ಕೊಡಿಸಿದ ಮನೆಯ ಮೆಟ್ಟಿಲುಗಳು ಇಂದಿಗೂ ಅದೇ ನದಿಯತ್ತ ಇಳಿಯುತ್ತವೆ. ಕಟ್ಟಡವನ್ನು ಉಳಿಸಿಕೊಳ್ಳಲು ಒಂದು ಕಾಯ್ದೆ, ಒಂದು ಇಲಾಖೆ ಹಾಗೂ ಒಂದು ಆಲ್ಬಮ್ ಸಾಕಾದವು. ಆ ಮನೆ ಯಾವ ನೀರಿನತ್ತ ಮುಖ ಮಾಡಿ ಕಟ್ಟಲ್ಪಟ್ಟಿತೋ ಆ ನೀರನ್ನು ಉಳಿಸಿಕೊಳ್ಳಲು ಇದಕ್ಕಿಂತ ಹೆಚ್ಚಿನದು ಬೇಕು. ಅದು ಸಾಧ್ಯವಾದ ದಿನ ಅಹ್ಸಾನ್ ಮಂಜಿಲ್‌ನ ಜೀರ್ಣೋದ್ಧಾರ ಪೂರ್ಣವಾಯಿತೆನ್ನಬಹುದು.